ಕುದುರೆಯ ಕೀಲು ಸವೆಯೋದನ್ನು ಬೆಳಕು ಮೊದಲೇ ಹೇಳುತ್ತೆ, ಕೇಳೋಕೆ ನಾವು ತಯಾರಿದ್ದೀವಾ?

ಈ ಜಾಗದಲ್ಲಿ ಸಾಮಾನ್ಯವಾಗಿ ಹಸು, ಎಮ್ಮೆ, ಕುರಿ, ಮೇವು ಇವುಗಳ ಮಾತೇ ಬರುತ್ತೆ. ಈ ವಾರ ಕುದುರೆ. "ಈಗ ಕುದುರೆ ಯಾರ ಮನೇಲಿದೆ ಮಾರಾಯ" ಅನ್ನಬೇಡಿ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡೋರು, ಇನ್ನೂ ಟಾಂಗಾ ಓಡಿಸೋರು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಜಾತ್ರೆಯಲ್ಲಿ ಗಾಡಿ ಶರ್ಯತ್ತಿಗೆ ಕಟ್ಟೋರು, ಎಷ್ಟೋ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ವಯಸ್ಸಿನ ಹುಡುಗರು. ನಾನೂ ಅವರಲ್ಲೊಬ್ಬ. ನಮ್ಮ ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ನಾಲ್ಕು ಆಡು, ಜೊತೆಗೆ ಚಂದ್ರಿ ಅಂತ ಒಂದು ಬಿಳಿ ಹೆಣ್ಣು ಕುದುರೆ. ಶರ್ಯತ್ತಿನ ಎತ್ತು ಸಾಕಿರೋರೂ ಓದಿ, ಕೀಲಿನ ಕಥೆ ಅಲ್ಲೂ ಹೆಚ್ಚುಕಡಿಮೆ ಇದೇ.

ಚಂದ್ರಿಯ ಎಡ ಮುಂಗಾಲಿನ ಎಕ್ಸ್‌ರೇ ತೆಗೆಸಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಫೋನ್ ಹಿಡಿದು ಅವಳ ಹಳೇ ವಿಡಿಯೊ ನೋಡ್ತಾ ಕೂತೆ. ಹದಿನಾಲ್ಕು ತಿಂಗಳ ಹಿಂದೆ ನಾನೇ ಹಾಕಿದ್ದ ಒಂದು ರೀಲ್ ಸಿಕ್ಕಿತು. ಮದುವೆ ಮನೆ ಮುಂದೆ, ಡೊಳ್ಳಿನ ಸದ್ದಿನ ನಡುವೆ ಚಂದ್ರಿ ದುಡುದುಡು ಅಂತ ಬರ್ತಾಳೆ. ಹೆಜ್ಜೆಗೊಮ್ಮೆ ತಲೆ ಮೇಲೆ ಕೆಳಗೆ. "ಏನ್ ಕುಣಿತಾಳೆ ಗುರು" ಅಂತ ಜನ ಬರೆದಿದ್ರು. ನಾನೂ ಎಲ್ಲರಿಗೂ ಹೃದಯದ ಗುರುತು ಒತ್ತಿದ್ದೆ. ಆ ರಾತ್ರಿ ಅದನ್ನೇ ನಿಧಾನ ಮಾಡಿ ನೋಡಿದೆ. ಎಡಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ, ಬಲಗಾಲು ತಾಗಿದಾಗ ಕೆಳಗೆ. ಪ್ರತಿ ಸಲವೂ ಹಾಗೇ. ಡೊಳ್ಳಿನ ತಾಳಕ್ಕೂ ಅವಳ ತಲೆಗೂ ಸಂಬಂಧವೇ ಇರಲಿಲ್ಲ. ಅವಳು ಕುಣಿತಿರಲಿಲ್ಲ, ಕುಂಟುತ್ತಿದ್ದಳು.

ಎಕ್ಸ್‌ರೇಯಲ್ಲಿ ಕಂಡದ್ದು ಗೊರಸಿನ ಮೇಲಿನ ಕೀಲು, ಫೆಟ್‌ಲಾಕ್ ಅಂತಾರಲ್ಲ ಅದು. ಎಲುಬಿನ ಅಂಚಲ್ಲಿ ಮುಳ್ಳಿನ ಹಾಗೆ ಹೊಸ ಎಲುಬು ಚಿಗುರಿತ್ತು, ಸಂದು ಕಿರಿದಾಗಿತ್ತು. ಡಾಕ್ಟರು ಬೈಯಲಿಲ್ಲ. "ಇದು ಇವತ್ತು ನಿನ್ನೆಯದಲ್ಲ" ಅಂದರು, ಅಷ್ಟೇ.

ಆಮೇಲೆ ಒಂದು ತಿಂಗಳು "ಮೊದಲೇ ಗೊತ್ತಾಗಿದ್ರೆ" ಅನ್ನೋದೊಂದೇ ತಲೆಯಲ್ಲಿ. ಮೊದಲೇ ತಿಳಿಯೋ ದಾರಿ ಇದೆಯಾ ಅಂತ ಹುಡುಕ್ತಾ ಹೋದೆ. ಇದೆ. ಬೆಳಕು ಹಾಯಿಸಿ ಕೀಲಿನ ಒಳಗೆ ನೋಡೋ ಕೆಲಸ ಹೊರದೇಶಗಳಲ್ಲಿ ಕುದುರೆಗಳ ಮೇಲೇ ನಡೆದಿದೆ. ಅದನ್ನು ಓದಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಹೇಳ್ತೀನಿ. ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ.

ನೋವಾಗದ ಜಾಗದಲ್ಲಿ ಶುರುವಾಗೋ ರೋಗ

ಕೀಲಿನಲ್ಲಿ ಎರಡು ಎಲುಬು ಸೇರೋ ಕಡೆ ತುದಿಗೆ ನುಣ್ಣನೆ ಬಿಳಿ ಪದರ ಇರುತ್ತೆ. ಪುಸ್ತಕದಲ್ಲಿ ಮೃದ್ವಸ್ಥಿ, ಡಾಕ್ಟರ ಬಾಯಲ್ಲಿ ಕಾರ್ಟಿಲೇಜ್. ಎಳನೀರು ಒಡೆದಾಗ ಒಳಗೆ ತಿರುಳು ಹೇಗಿರುತ್ತೆ, ನೋಡೋಕೆ ಹಾಗೇ, ಆದರೆ ಗಟ್ಟಿ. ಅದರ ಮುಕ್ಕಾಲು ಭಾಗ ನೀರು. ಕೊಲಾಜನ್ ಅನ್ನೋ ನಾರು ಬಲೆಯ ಹಾಗೆ ಹೆಣೆದುಕೊಂಡಿರುತ್ತೆ. ಆ ಬಲೆಯೊಳಗೆ ಪ್ರೋಟಿಯೋಗ್ಲೈಕಾನ್ ಅನ್ನೋ ವಸ್ತು ನೀರು ಹಿಡಿದಿಟ್ಟುಕೊಳ್ಳುತ್ತೆ, ಕಾಮಕಸ್ತೂರಿ ಬೀಜ ನೆನೆಸಿದರೆ ಉಬ್ಬಿ ನೀರು ಹಿಡಿಯೋ ಥರ. ಕುದುರೆ ಕಾಲೂರಿದಾಗ ಆ ಪದರ ಅದುಮಿ, ಮತ್ತೆ ಉಬ್ಬುತ್ತೆ. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ಮುಂಗಾಲಿನ ಮೇಲೆ ಕ್ಷಣಮಾತ್ರ ಮೈತೂಕದ ಎರಡೂವರೆ ಪಟ್ಟು ಭಾರ ಬೀಳುತ್ತೆ. ಅದನ್ನು ತಡೆಯೋದು ಫೆಟ್‌ಲಾಕ್‌ನಲ್ಲಿ ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸಿನ ಪದರ.

ಸವೆತ ಶುರುವಾಗುವಾಗ ಮೊದಲು ಆ ನೀರು ಹಿಡಿಯೋ ವಸ್ತು ಕಡಿಮೆ ಆಗುತ್ತೆ, ಪದರ ಮೆತ್ತಗಾಗುತ್ತೆ, ಮೇಲ್ಮೈ ಹಳೇ ಬಟ್ಟೆಯ ಹಾಗೆ ಎಳೆ ಎಳೆ ಬಿಡುತ್ತೆ. ಈ ಹಂತದಲ್ಲಿ ಕುದುರೆಗೆ ನೋವೇ ಗೊತ್ತಾಗದೆ ಇರಬಹುದು, ಯಾಕಂದ್ರೆ ಆ ಪದರದಲ್ಲಿ ನರ ಇಲ್ಲ. ರಕ್ತನಾಳವೂ ಇಲ್ಲ, ಹಾಗಾಗಿ ಚರ್ಮದ ಗಾಯದಂತೆ ಕೂಡಿಕೊಳ್ಳೋದೂ ಇಲ್ಲ. ನೋವು ಬರೋದು ಸುತ್ತಲಿನ ಪೊರೆ ಊದಿಕೊಂಡಾಗ, ಕೆಳಗಿನ ಎಲುಬಿಗೆ ಪೆಟ್ಟು ತಾಗಿದಾಗ. ಎಕ್ಸ್‌ರೇಯಲ್ಲಿ ಈ ಪದರ ಕಾಣೋದೇ ಇಲ್ಲ, ಎಲುಬು ಮಾತ್ರ ಕಾಣುತ್ತೆ. ಅಂದ್ರೆ ಎಕ್ಸ್‌ರೇ ಹೇಳೋ ಹೊತ್ತಿಗೆ ಆಟ ಅರ್ಧ ಮುಗಿದಿರುತ್ತೆ. ಚಂದ್ರಿಯದ್ದು ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು.

ಬೆಳಕು ಏನು ಮಾಡುತ್ತೆ

ನಿಮ್ಮಜ್ಜಿಗೆ ಸಕ್ಕರೆ ಕಾಯಿಲೆ ಇದ್ರೆ ಕಣ್ಣಿನ ಆಸ್ಪತ್ರೆಯಲ್ಲಿ ಒಸಿಟಿ ಸ್ಕ್ಯಾನ್ ಅಂತ ಮಾಡಿಸಿರ್ತೀರಿ. ಗಲ್ಲ ಇಟ್ಟು ಕೂರಿಸಿ, ಕಣ್ಣಿನ ಹಿಂಭಾಗದ ಪದರಗಳ ಚಿತ್ರ ತೆಗೀತಾರೆ. ಇದು 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ತಂತ್ರ. ಗರ್ಭಿಣಿ ಹಸುವಿಗೆ ಮಾಡೋ ಸ್ಕ್ಯಾನ್ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತಲ್ಲ, ಒಸಿಟಿ ಅದನ್ನೇ ಬೆಳಕಿನಲ್ಲಿ ಮಾಡುತ್ತೆ. ಆಳಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಹೋಗುತ್ತೆ, ಆದರೆ ಹೋದಷ್ಟು ದೂರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣದನ್ನೂ ಬಿಡಿಸಿ ತೋರಿಸುತ್ತೆ. ಕುದುರೆಯ ಫೆಟ್‌ಲಾಕ್‌ನ ಪದರ ಎಷ್ಟು ದಪ್ಪ ಅಂತ ಮೇಲೆ ಹೇಳಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಹೊಂದುತ್ತೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪಶುವೈದ್ಯರು ಈ ಬೆಳಕಿನ ಕಡ್ಡಿಯನ್ನು ಕುದುರೆಯ ಕೀಲಿನೊಳಗೆ ಇಳಿಸಿ ನೋಡಿದ್ದಾರೆ. ಬರಿಗಣ್ಣಿಗೆ ನುಣ್ಣಗೆ ಕಾಣೋ ಜಾಗದಲ್ಲಿ ಒಳಗಿನ ಬಿರುಕು ಹಿಡಿಯೋದೇ ಇದರ ಗುಟ್ಟು.

ಇನ್ನೊಂದು ದಾರಿ ಹತ್ತಿರದ ಇನ್‌ಫ್ರಾರೆಡ್ ಬೆಳಕಿನದು. ಕಣ್ಣಿಗೆ ಕಾಣದ ಈ ಬೆಳಕು ನಿಮಗೆ ಹೊಸದಲ್ಲ. ಪಶು ಆಹಾರದ ಕಾರ್ಖಾನೆಯಲ್ಲಿ ಹಿಂಡಿಯ ತೇವ ಎಷ್ಟು, ಪ್ರೋಟೀನ್ ಎಷ್ಟು ಅಂತ ಅರೆ ನಿಮಿಷದಲ್ಲಿ ಹೇಳೋ ಯಂತ್ರ ಇದನ್ನೇ ಬಳಸೋದು. ನೀರು ಒಂದು ಥರ ಬೆಳಕು ಹೀರುತ್ತೆ, ಪ್ರೋಟೀನ್ ಇನ್ನೊಂದು ಥರ. ಫಿನ್ಲೆಂಡಿನ ಕುವೋಪಿಯೊದಲ್ಲಿರುವ ಈಸ್ಟರ್ನ್ ಫಿನ್ಲೆಂಡ್ ವಿಶ್ವವಿದ್ಯಾಲಯದವರು ಇದೇ ಲೆಕ್ಕವನ್ನು ಕುದುರೆಯ ಕೀಲಿಗೆ ಹಾಕಿದರು. ಮೊದಲು ಸತ್ತ ಕುದುರೆಗಳ ಕೀಲಿನ ಮೇಲೆ ಬೆಳಕು ಹಾಯಿಸಿ, ಅದೇ ಜಾಗ ಎಷ್ಟು ದಪ್ಪ, ಎಷ್ಟು ಗಟ್ಟಿ ಅಂತ ಅಳೆದು, ಎರಡನ್ನೂ ತಾಳೆ ಹಾಕೋಕೆ ಕಂಪ್ಯೂಟರ್‌ಗೆ ಕಲಿಸಿದರು. ಆಮೇಲೆ ಬದುಕಿರೋ ಕುದುರೆಗಳ ಮೇಲೂ ಮಾಡಿ, 2018ರಲ್ಲಿ ಪ್ರಕಟಿಸಿದರು. ಹಿಂಡಿಯ ಯಂತ್ರ ಹಿಂಡಿಯನ್ನು ಕತ್ತರಿಸದೆ ಹೇಗೆ ಹೇಳುತ್ತೋ, ಇದೂ ಪದರವನ್ನು ಕೆತ್ತದೆ ಹೇಳುತ್ತೆ.

ಇದನ್ನೆಲ್ಲ ಕುದುರೆಗೋಸ್ಕರವೇ ಮಾಡ್ತಿದ್ದಾರೆ ಅಂತ ಅಂದುಕೊಂಡು ಭಾವುಕರಾಗಬೇಡಿ. ಕುದುರೆಯ ಕಾರ್ಟಿಲೇಜ್ ನಮ್ಮ ಮಂಡಿಯದ್ದಕ್ಕೆ ಹತ್ತಿರ ಇದೆ, ಕುದುರೆಗೂ ಮನುಷ್ಯನ ಹಾಗೇ ತಾನಾಗಿಯೇ ಕೀಲು ಸವೆಯುತ್ತೆ. ಹಾಗಾಗಿ ಮನುಷ್ಯರ ಮಂಡಿಗಾಗಿ ಕುದುರೆಯ ಮೇಲೆ ಪ್ರಯೋಗ. ಆದರೂ ಲಾಭ ಎರಡೂ ಕಡೆಗಿದೆ, ನಾನು ಅದನ್ನು ಆಡಿಕೊಳ್ಳೋದಿಲ್ಲ.

ಈಗ ನಮ್ಮ ಮಟ್ಟಕ್ಕೆ ಬರೋಣ. ಈ ಎರಡೂ ಬೆಳಕು ಚರ್ಮದ ಮೇಲಿಂದ ಕೆಲಸ ಮಾಡಲ್ಲ. ಕೀಲಿಗೆ ಸಣ್ಣ ತೂತು ಮಾಡಿ, ಪೆನ್ಸಿಲ್‌ಗಿಂತ ತೆಳು ನಳಿಗೆ ಇಳಿಸಿ, ಅದರ ಜೊತೆಗೇ ಬೆಳಕಿನ ಕಡ್ಡಿ ಇಳಿಸಬೇಕು. ಅದಕ್ಕೆ ಸಾಮಾನ್ಯವಾಗಿ ಕುದುರೆಗೆ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಬೇಕು. ಕುದುರೆಯನ್ನು ಮಲಗಿಸೋದು ಸಣ್ಣ ಮಾತಲ್ಲ. ದೊಡ್ಡ ದೊಡ್ಡ ಆಸ್ಪತ್ರೆಗಳ ಲೆಕ್ಕದಲ್ಲೇ ಅರಿವಳಿಕೆಗೆ ಸಂಬಂಧಿಸಿ ಸುಮಾರು ನೂರಕ್ಕೆ ಒಂದು ಕುದುರೆ ಸಾಯುತ್ತೆ. ಕುಂಟದೇ ಇರೋ ಕುದುರೆಯನ್ನು "ಏನಾದ್ರೂ ಇದೆಯಾ ನೋಡೋಣ" ಅಂತ ಮಲಗಿಸೋಕಾಗುತ್ತಾ? ಅಂದ್ರೆ ಕೋಟಿ ಬೆಲೆಯ ರೇಸ್ ಕುದುರೆಗೆ, ಹೇಗಿದ್ರೂ ಆಪರೇಷನ್ ಮಾಡ್ತಿರುವಾಗ, ಎಲ್ಲಿವರೆಗೆ ಹಾಳಾಗಿದೆ ಅಂತ ನೋಡೋಕೆ ಇದು ಸದ್ಯಕ್ಕೆ ಉಪಯೋಗ. ಮೆರವಣಿಗೆ ಕುದುರೆಗಲ್ಲ.

ಹಾಗಾದರೆ ಯಾಕೆ ಇಷ್ಟೆಲ್ಲ ಹೇಳಿದೆ? ಎರಡು ಕಾರಣ. ಒಂದು, ಈ ಸಂಶೋಧನೆಯ ಹೆಸರು ಹೇಳ್ಕೊಂಡು ಬೇರೆ ಏನೇನೋ ಮಾರ್ತಾರೆ. ಎರಡು, ಇದರೊಳಗಿನ ಬುದ್ಧಿಯನ್ನು ನಾವು ಕದೀಬಹುದು.

ನಾನು ಮೋಸಹೋದ ಕ್ಯಾಮೆರಾ

ಫೋನಿಗೆ ಚುಚ್ಚೋ ಥರ್ಮಲ್ ಕ್ಯಾಮೆರಾ ನೋಡಿರ್ತೀರಿ. ಬಿಸಿ ಜಾಗ ಕೆಂಪು, ತಣ್ಣನೆಯದು ನೀಲಿ. "ಕೀಲು ಹಾಳಾಗೋಕೆ ಮುಂಚೆಯೇ ಹಿಡಿಯುತ್ತೆ" ಅಂತ ಜಾಹೀರಾತು ನೋಡಿ, ಒಂದು ಎಮ್ಮೆಯ ಎರಡು ತಿಂಗಳ ಹಾಲಿನ ದುಡ್ಡು ಕೊಟ್ಟು ತಗೊಂಡೆ. ಮೊದಲ ದಿನವೇ ಚಂದ್ರಿಯ ಒಳ್ಳೇ ಕಾಲು ಕೆಂಪಗೆ ಕಾಣಿಸ್ತು. ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಬೆಳಗಿನ ಬಿಸಿಲು ಆ ಕಡೆಯಿಂದ ಬೀಳ್ತಿತ್ತು. ಇನ್ನೊಂದು ದಿನ ಎರಡೂ ಕಾಲು ನೀಲಿ, ಯಾಕಂದ್ರೆ ಅಪ್ಪ ಆಗಷ್ಟೇ ತೊಳೆದಿದ್ದ.

ಕ್ಯಾಮೆರಾದ ತಪ್ಪು ಅಂತ ಹೇಳಲ್ಲ. ಅದು ನೋಡೋದು ಚರ್ಮದ ಬಿಸಿಯನ್ನು, ಕೀಲಿನ ಪದರವನ್ನಲ್ಲ. ಒಳಗೆ ಉರಿಯೂತ ಇದ್ದು ಅದು ಚರ್ಮದವರೆಗೆ ಬಂದರೆ ಮಾತ್ರ ಕಾಣುತ್ತೆ. ನೋವಿಲ್ಲದ ಮೊದಲ ಹಂತ ಇದಕ್ಕೂ ಕಾಣಲ್ಲ. ಸರಿಯಾಗಿ ಬಳಸಬೇಕಂದ್ರೆ ನೆರಳಲ್ಲಿ, ಗಾಳಿ ಬೀಸದ ಕಡೆ, ಮೈ ಒಣಗಿ, ಕಾಲಿನ ಪಟ್ಟಿ ಬಿಚ್ಚಿ, ಎಣ್ಣೆ ಮುಲಾಮು ಏನೂ ಹಚ್ಚದೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಎರಡೂ ಕಾಲನ್ನು ಒಂದೇ ಚಿತ್ರದಲ್ಲಿ ಹಿಡೀಬೇಕು. ಎಡಕ್ಕೂ ಬಲಕ್ಕೂ ಅದೇ ಜಾಗದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ, ಅದೂ ದಿನವೂ ಅದೇ ಕಡೆ ಬಂದರೆ, ಡಾಕ್ಟರನ್ನು ಕರೀರಿ. ತೋರಿಸೋ ಡಿಗ್ರಿಯ ಅಂಕಿಯನ್ನು ಮಾತ್ರ ನಂಬಬೇಡಿ, ಅಗ್ಗದ ಕ್ಯಾಮೆರಾಗಳಲ್ಲಿ ಅದು ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಇರುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಆ ದುಡ್ಡಿಗೆ ಒಳ್ಳೇ ಲಾಳ ಕಟ್ಟೋನನ್ನು ವರ್ಷಪೂರ್ತಿ ಕರೆಸಬಹುದಿತ್ತು. ಅಂಗೈ ಹಿಂಭಾಗ ಇಟ್ಟು ಎರಡೂ ಕಾಲು ಮುಟ್ಟಿ ನೋಡೋದು ನಮ್ಮಜ್ಜನಿಗೆ ಬರ್ತಿತ್ತು. ನಾನು ಕಲಿಯಲಿಲ್ಲ.

ಜೇಬಲ್ಲಿರೋ ಕ್ಯಾಮೆರಾ

ಕದಿಯಬಹುದಾದ ಬುದ್ಧಿ ಅಂದೆನಲ್ಲ, ಅದು ಇಷ್ಟೇ: ಕಣ್ಣನ್ನು ನಂಬದೆ ಅಳೆಯೋದು, ಮತ್ತು ಕುದುರೆಯನ್ನು ಅದರ ಜೊತೆಗೇ ಹೋಲಿಸೋದು. ಸಣ್ಣ ಕುಂಟು ಇದ್ದಾಗ ಅನುಭವಿ ಪಶುವೈದ್ಯರೂ ಯಾವ ಕಾಲು ಅಂತ ಒಬ್ಬರಿಗೊಬ್ಬರು ಒಪ್ಪಲ್ಲ, ಇದನ್ನು ಸಂಶೋಧನೆಗಳೇ ತೋರಿಸಿವೆ. ಸ್ವೀಡನ್‌ನಲ್ಲಿ ಸ್ಲೀಪ್ ಅನ್ನೋ ಆ್ಯಪ್ ಒಂದೇ ಫೋನಿನ ವಿಡಿಯೊದಿಂದ ತಲೆ, ಸೊಂಟ ಎಷ್ಟು ಏರುಪೇರಾಗುತ್ತೆ ಅಂತ ಲೆಕ್ಕ ಹಾಕುತ್ತೆ. ನಮಗೆ ಆ್ಯಪ್ ಇಲ್ಲದೇ ಇದ್ರೂ ಪರವಾಗಿಲ್ಲ, ಸ್ಲೋ ಮೋಷನ್ ಇದೆ.

ನಾನು ಈಗ ಮಾಡೋದು ಹೀಗೆ. ಗಟ್ಟಿ ಸಮತಟ್ಟಾದ ನೆಲ, ಒಂದು ಇಪ್ಪತ್ತೈದು ಮೀಟರ್. ಯಾವಾಗಲೂ ಅದೇ ಜಾಗ. ತಮ್ಮ ಹಗ್ಗ ಹಿಡಿದು ಓಡ್ತಾನೆ, ಹಗ್ಗ ಸಡಿಲ ಇರಬೇಕು. ಬಿಗಿ ಹಿಡಿದರೆ ತಲೆ ಅಲ್ಲಾಡೋದೇ ಇಲ್ಲ, ಎಲ್ಲ ಮುಚ್ಚಿಹೋಗುತ್ತೆ. (ಕುದುರೆ ಮಾರೋರು ಯಾಕೆ ಬಿಗಿ ಹಿಡೀತಾರೆ ಅಂತ ಈಗ ಗೊತ್ತಾಯ್ತಾ?) ನಡಿಗೆಯಲ್ಲ, ಪೂರ್ತಿ ಓಟವೂ ಅಲ್ಲ, ಮಧ್ಯದ ಆ ದುಡುಕಿ ಹೆಜ್ಜೆ, ಟ್ರಾಟ್. ಅದರಲ್ಲಿ ಎಡ ಬಲ ಎರಡೂ ಒಂದೇ ಸಮ ಇರಬೇಕು, ಹಾಗಾಗಿ ತಪ್ಪು ಬೇಗ ಸಿಕ್ಕಿಬೀಳುತ್ತೆ. ಫೋನ್ ಸೊಂಟದ ಎತ್ತರಕ್ಕೆ, ಅಲ್ಲಾಡದ ಹಾಗೆ ಕಲ್ಲಿನ ಮೇಲೋ ಸ್ಟ್ಯಾಂಡ್ ಮೇಲೋ. ಒಂದು ಸಲ ಎದುರಿಂದ, ಒಂದು ಸಲ ಹಿಂದಿನಿಂದ, ಒಂದು ಸಲ ಪಕ್ಕದಿಂದ.

ಮುಂಗಾಲಿನ ನೋವಾದರೆ, ನೋವಿರೋ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತೆ, ಒಳ್ಳೇ ಕಾಲು ತಾಗಿದಾಗ ತಗ್ಗಿಸುತ್ತೆ. ಹಿಂಗಾಲಿಗೆ, ಎರಡೂ ಸೊಂಟದ ಮೂಳೆಯ ಮೇಲೆ ಒಂದೊಂದು ಬೊಟ್ಟು ಇಟ್ಟುಕೊಳ್ಳಿ. ಬಿಳಿ ಕುದುರೆಗೆ ಇದ್ದಿಲು, ಕಂದು ಕುದುರೆಗೆ ಸುಣ್ಣ. ಯಾವ ಬೊಟ್ಟು ಹೆಚ್ಚು ಮೇಲೆ ಕೆಳಗೆ ಹಾರುತ್ತೋ ಆ ಕಡೆ ಅನುಮಾನ. ಒಂದು ಎಚ್ಚರಿಕೆ: ಎರಡೂ ಕಾಲು ಸಮವಾಗಿ ನೋಯ್ತಿದ್ರೆ ತಲೆ ಅಲ್ಲಾಡಲ್ಲ, ಹೆಜ್ಜೆ ಮಾತ್ರ ಚಿಕ್ಕದಾಗುತ್ತೆ. ಆಗ ಹಳೇ ವಿಡಿಯೊ ಪಕ್ಕಕ್ಕಿಟ್ಟು ನೋಡದೆ ಗೊತ್ತಾಗಲ್ಲ. ಅದಕ್ಕೇ ಕುದುರೆ ಚೆನ್ನಾಗಿರುವಾಗಲೇ ಮೊದಲ ವಿಡಿಯೊ ತೆಗೆದಿಡಿ, ತಿಂಗಳಿಗೊಂದು ಸೇರಿಸ್ತಾ ಹೋಗಿ. ಬೆಳಕಿನ ಕಡ್ಡಿಯಷ್ಟು ಮೊದಲೇ ಇದು ಹೇಳಲ್ಲ, ಒಪ್ತೀನಿ. ಆದರೆ ನಮ್ಮ ಕಡೆ ಎಕ್ಸ್‌ರೇಗೆ ಹೋಗೋದೇ ಕಾಲೂರೋಕೆ ಆಗದಿದ್ದಾಗ. ಅದಕ್ಕಿಂತ ತಿಂಗಳುಗಟ್ಟಲೆ ಮೊದಲು ಹೇಳುತ್ತೆ. ನನ್ನ ರೀಲೇ ಸಾಕ್ಷಿ.

ವಿಡಿಯೊ ನೋಡಿ ನೀವೇ ಔಷಧಿ ಶುರು ಮಾಡಬೇಡಿ. ಕುಂಟಿಗೆ ಕಾರಣ ಕೀಲೇ ಆಗಬೇಕಂತಿಲ್ಲ, ಗೊರಸಿನೊಳಗಿನ ಕೀವು, ಲಾಳದ ಮೊಳೆ, ನರಸ್ನಾಯು ಯಾವುದೂ ಆಗಬಹುದು. ವಿಡಿಯೊವನ್ನು ಪಶುವೈದ್ಯರಿಗೆ ತೋರಿಸಿ. "ಯಾಕೋ ಸರಿ ನಡೀತಿಲ್ಲ ಸರ್" ಅನ್ನೋದಕ್ಕಿಂತ ಅದು ಅವರಿಗೆ ಹೆಚ್ಚು ಹೇಳುತ್ತೆ.

ಸೂಜಿಯ ಮಾತು

ಇಲ್ಲಿವರೆಗೆ ಹೇಳಿದ್ದು ಸುಲಭದ್ದು. ಈಗ ಹೇಳೋದು ಕಷ್ಟದ್ದು.

ಆ ರೀಲ್ ಆದ ಮೇಲೆ ಮೂರು ತಿಂಗಳಿಗೆ ಚಂದ್ರಿ ಬೆಳಿಗ್ಗೆ ಎದ್ದಾಗ ಕಾಲು ಎಳೆಯೋದು ನನಗೆ ಕಂಡಿತ್ತು. ಅಂದ್ರೆ ಯಾವ ಯಂತ್ರವೂ ಬೇಕಿರಲಿಲ್ಲ. ಮುಂದೆ ಹನ್ನೊಂದು ಮದುವೆ ಒಪ್ಪಿಕೊಂಡಿದ್ದೆ, ಮುಂಗಡ ಖರ್ಚಾಗಿತ್ತು, ತಂಗಿಯ ಕಾಲೇಜಿನ ಫೀಸು ಅದರಲ್ಲೇ ಕಟ್ಟಿದ್ವಿ. ಊರೂರು ತಿರುಗಿ ಸೂಜಿ ಹಾಕೋನೊಬ್ಬ ಇದ್ದ. ಮೆರವಣಿಗೆಯ ಮಧ್ಯಾಹ್ನ ಒಂದು ಸೂಜಿ, ಸಂಜೆ ಕುದುರೆ ಹೊಸದು. ಏನು ಔಷಧಿ ಅಂತ ನಾನು ಕೇಳಲೂ ಇಲ್ಲ. ನೋವು ಹೋಯ್ತು ಅಂದ್ರೆ ರೋಗ ಹೋಯ್ತು ಅಂತ ನಾನು ನಂಬಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಗೊತ್ತಿತ್ತು. ಆದರೂ ಹಾಕಿಸಿದೆ. ಹನ್ನೊಂದರಲ್ಲಿ ಒಂಬತ್ತು ಮದುವೆ ಮುಗಿಸಿದೆ, ಡಾಂಬರು ರಸ್ತೆಯ ಮೇಲೆ, ಪಟಾಕಿ ನಡುವೆ. ಹತ್ತನೆಯದಕ್ಕೆ ಅವಳು ಗಾಡಿಯಿಂದ ಇಳಿಯಲೇ ಇಲ್ಲ.

ನೋವು ಕುದುರೆಗಿರೋ ಬ್ರೇಕು. ಸೂಜಿ ಆ ಬ್ರೇಕಿನ ತಂತಿ ಕತ್ತರಿಸುತ್ತೆ, ಇಳಿಜಾರು ಹಾಗೇ ಇರುತ್ತೆ. ಪಶುವೈದ್ಯರು ನೋವಿನ ಔಷಧಿ ಕೊಡೋದು ವಿಶ್ರಾಂತಿಯ ಜೊತೆಗೆ, ಮೆರವಣಿಗೆಯ ಬದಲಿಗಲ್ಲ. ಅಂದಹಾಗೆ ಡೈಕ್ಲೊಫೆನ್ಯಾಕ್ ಅನ್ನು ಪ್ರಾಣಿಗಳಿಗೆ ಕೊಡೋದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ, ಸತ್ತ ಜಾನುವಾರು ತಿಂದು ರಣಹದ್ದುಗಳು ಸತ್ತಿದ್ದಕ್ಕೆ. ಮನುಷ್ಯರ ಬಾಟಲಿ ತಂದು ಕುದುರೆಗೆ ಹಾಕೋರು ಇನ್ನೂ ಇದ್ದಾರೆ. ಸೂಜಿ ಹಾಕೋಕೆ ಬಂದವನ ಕೈಯಲ್ಲಿ ಏನಿದೆ ಅಂತ ಕನಿಷ್ಠ ಓದಿ ನೋಡಿ, ನಾನು ನೋಡಲಿಲ್ಲ.

ಹಾಗಾಗಿ "ಮೊದಲೇ ಗೊತ್ತಾಗಿದ್ರೆ" ಅನ್ನೋ ಮಾತನ್ನು ನಾನು ಬಿಟ್ಟಿದ್ದೀನಿ. ಫಿನ್ಲೆಂಡಿನ ಯಂತ್ರ ನಾಳೆ ನಮ್ಮ ತಾಲ್ಲೂಕು ಆಸ್ಪತ್ರೆಗೇ ಬಂದರೂ, ಅದು ತೋರಿಸಿದ ದಿನ ಕುದುರೆಯನ್ನು ನಿಲ್ಲಿಸೋ ಶಕ್ತಿ ಸಾಕಿದವನಿಗೆ ಇರಬೇಕು. ಮುಂಗಡ ಖರ್ಚು ಮಾಡಿಕೊಂಡ ನನ್ನಂಥವನಿಗೆ ಆ ಶಕ್ತಿ ಇರಲಿಲ್ಲ. ಬೇಗ ಸಿಕ್ಕರೆ ಮಾಡೋ ಕೆಲಸ ದೊಡ್ಡದೇನಲ್ಲ: ಕೆಲವು ತಿಂಗಳು ಮೆತ್ತನೆ ಮಣ್ಣಿನಲ್ಲಿ ಹಗುರ ನಡಿಗೆ, ಮೈತೂಕ ಇಳಿಸೋದು, ಐದಾರು ವಾರಕ್ಕೊಮ್ಮೆ ಗೊರಸು ಕೆತ್ತಿಸಿ ಸರಿಯಾದ ಲಾಳ, ಡಾಕ್ಟರು ಹೇಳಿದ ಚಿಕಿತ್ಸೆ. ಸಾವಿರಾರು ರೂಪಾಯಿಯ ಕೀಲಿನ ಪುಡಿ ಡಬ್ಬಿಗಳ ಮೇಲೆ ನನಗೆ ನಂಬಿಕೆ ಇಲ್ಲ, ಬಾಯಿಂದ ಕೊಡೋ ಅಂಥವುಗಳಿಗೆ ಗಟ್ಟಿ ಆಧಾರ ಕಡಿಮೆ. ಖರ್ಚಾಗೋದು ಔಷಧಿಗಲ್ಲ, ನಿಂತ ತಿಂಗಳುಗಳಿಗೆ.

ಅದಕ್ಕೇ ನನ್ನ ಒತ್ತಾಯ ಯಂತ್ರದ ಬಗ್ಗೆ ಅಲ್ಲ. ಶರ್ಯತ್ತು ನಡೆಸೋ ಜಾತ್ರೆ ಕಮಿಟಿಯವರು ಓಟಕ್ಕೆ ಮುಂಚೆ ಪ್ರತಿ ಕುದುರೆಯನ್ನೂ ಎತ್ತನ್ನೂ ಪಶುವೈದ್ಯರ ಎದುರು ಇಪ್ಪತ್ತೈದು ಮೀಟರ್ ಓಡಿಸಲಿ, ಹಗ್ಗ ಸಡಿಲ ಬಿಟ್ಟು. ತಲೆ ಹಾಕಿದ್ದನ್ನು ಹೊರಗಿಡಲಿ, ಪ್ರವೇಶ ಶುಲ್ಕ ವಾಪಸ್ ಕೊಡಲಿ. ಶುಲ್ಕ ವಾಪಸ್ ಬರಲ್ಲ ಅಂದ್ರೆ ಯಾರೂ ಒಪ್ಪಲ್ಲ, ಸೂಜಿ ಹಾಕಿಸ್ಕೊಂಡು ಬರ್ತಾರೆ. ಮೆರವಣಿಗೆ ಕುದುರೆಯವರು ನಾವು ಒಂದು ಊರಿನ ಮೂರು ನಾಲ್ಕು ಜನ ಸೇರಿ, ಒಬ್ಬನ ಕುದುರೆ ಕುಂಟಿದ್ರೆ ಇನ್ನೊಬ್ಬ ಆ ಮದುವೆ ಮಾಡಿಕೊಡೋದು, ಬಾಡಿಗೆ ಅರ್ಧ ಹಂಚೋದು ಅಂತ ಮಾತಾಡಿಕೊಂಡಿದ್ದೀವಿ. ಈ ಸೀಸನ್‌ನಲ್ಲಿ ಎರಡು ಸಲ ಹಾಗೆ ಮಾಡಿದ್ವಿ. ಒಂದು ಸಲ ಜಗಳವೂ ಆಯ್ತು.

ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಯಾರಾದ್ರೂ ಓದ್ತಿದ್ರೆ ನಿಮಗೊಂದು ಮಾತು. ಬೆಳಕಿನ ಕಡ್ಡಿಯ ಕೆಲಸ ಖಂಡಿತ ಮಾಡಿ, ಆದರೆ ಅದು ಬರೋವರೆಗೆ ನಮ್ಮ ನಾಟಿ ಕುದುರೆ ಡಾಂಬರಿನ ಮೇಲೆ ಹೇಗೆ ಹೆಜ್ಜೆ ಹಾಕುತ್ತೆ ಅಂತ ವಿಡಿಯೊ ಕೂಡಿಸಿ. ನಾವು ಕಳಿಸ್ತೀವಿ, ಫೋನ್ ತುಂಬ ಅದೇ ಇದೆ.

ಚಂದ್ರಿ ಈಗ ಮನೆಯಲ್ಲೇ ಇದ್ದಾಳೆ. ಮಾರಲಿಲ್ಲ, ಮಾರಿದ್ರೆ ಮತ್ತೆ ಯಾರಾದ್ರೂ ಸೂಜಿ ಹಾಕಿಸಿ ಓಡಿಸ್ತಾರೆ ಅಂತ. ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಧಾನ ನಡೆಸ್ತೀನಿ. ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಇಪ್ಪತ್ತೈದು ಮೀಟರ್ ನಡೆಸಿ ವಿಡಿಯೊ ತೆಗೀತೀವಿ, ಓಡಿಸಲ್ಲ. ಹೋದ ತಿಂಗಳದ್ದಕ್ಕೂ ಈ ತಿಂಗಳದ್ದಕ್ಕೂ ತಲೆ ಅಷ್ಟೇ ಎತ್ತುತ್ತೆ, ಹೆಚ್ಚಾಗಿಲ್ಲ. ಹಳೇ ರೀಲ್ ಅಳಿಸಿಲ್ಲ. ಕೆಳಗೆ ನಾನೇ ಒಂದು ಸಾಲು ಬರೆದಿದ್ದೀನಿ, "ಇದು ಕುಣಿತ ಅಲ್ಲ" ಅಂತ.